ಗಾಡಿಯ ಹಣೆಗೆ ಕುಂಕುಮ

ನಮ್ಮ ಮನೆಯವರು ಗಾಡಿ ಕೊಳ್ಳಲು ಹೊರಟಿದ್ದು ಗಾಡಿಯ ಮೇಲಿನ ಆಸೆಯಿಂದಲ್ಲ, ಗೇಟಿನ ಮೇಲಿನ ಬೇಸರದಿಂದ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕಂಟ್ರಾಕ್ಟಿನ ಮೇಲೆ ದುಡಿದವರು. ಹೊಸ ಮಿಷನ್ನುಗಳು ಬಂದವು, ಹಳೆಯ ಕೈಗಳು ಬೇಡವಾದವು. ಆಮೇಲಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಹೋಗಿ ನಿಲ್ಲಬೇಕು. ಕಂಟ್ರಾಕ್ಟರು ಬಂದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಒಬ್ಬೊಬ್ಬರನ್ನೇ ನೋಡಿ, ಆ ವಾರಕ್ಕೆ ಬೇಕಾದವರನ್ನು ಒಳಗೆ ಕರೆದುಕೊಳ್ಳುತ್ತಾನೆ. ಐವತ್ತರ ಹತ್ತಿರ ಬಂದ, ಮಂಡಿ ನೋವಿನ ಮನುಷ್ಯನನ್ನು ಅವನು ಎಷ್ಟು ಸಲ ಕರೆದಾನು? ಇವರು ಐದು ಸೋಮವಾರ ನಿಂತರು. ಎರಡು ಸಲ ಕರೆದರು. ಕರೆಯದ ದಿನ ಬುತ್ತಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತು ತಿಂದು, ಕೆಲಸ ಮುಗಿಸಿದವರ ಹಾಗೆ ಸಂಜೆ ಮನೆಗೆ ಬರುತ್ತಿದ್ದರು. ಅಂಗಿಯಲ್ಲಿ ಎಣ್ಣೆಯ ವಾಸನೆ ಇರುತ್ತಿರಲಿಲ್ಲ. ಒಗೆಯುವವಳು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಕೇಳಲಿಲ್ಲ. ಕೇಳದೆ ಇರುವಷ್ಟು ಬುದ್ಧಿಯನ್ನು ಆ ಹೊತ್ತಿಗೆ ಕೊಟ್ಟನಲ್ಲ ದೇವರು, ಅದೊಂದು ದಯೆ.

ಗುಮ್ಮಳಾಪುರದ ಪಕ್ಕದ ನಮ್ಮೂರಲ್ಲಿ ಬೀನ್ಸು, ಕೋಸು, ಕೊತ್ತಂಬರಿ ಬೆಳೆಯದ ಮನೆಯಿಲ್ಲ. ಆದರೆ ಅದನ್ನು ಹೊಸೂರು ಮಾರ್ಕೆಟ್ಟಿಗೆ ಸಾಗಿಸಲು ಇದ್ದ ಗಾಡಿಗಳು ಎರಡೇ. ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ಸಿಕ್ಕಿದರೆ ಊರಿನ ಬಾಡಿಗೆಯೇ ಸಾಕು, ಗೇಟಿನ ಮುಂದೆ ನಿಲ್ಲುವುದು ತಪ್ಪುತ್ತದೆ ಎಂದು ಇವರು ಹೇಳಿದರು. ಇವರು ಯಾರ ಮುಂದೆಯೂ ಸಾಲಿನಲ್ಲಿ ನಿಂತು ಹಲ್ಲು ತೋರಿಸುವ ಹಾಗಾಗಬಾರದು ಎನ್ನುವುದೊಂದೇ ನನ್ನ ಬೇಡಿಕೆ. ಅದನ್ನು ದೇವಿಗೆ ದಿನಾ ಹೇಳುತ್ತಿದ್ದೆ.

ಅತ್ತೆ ಇನ್ನೊಂದು ದಾರಿ ಹೇಳಿದರು.

"ಲೋ ಮಗಾ, ಹೆಣ್ ತರೋಕ್ ಮುಂಚೆ ಅಮ್ಮನ ತಾವ ಹೂ ಕೇಳಿದ್ವಿ. ಹೆಣ್ಣೇನೋ ಒಳ್ಳೇದೇ ಸಿಕ್ತು, ಬಾಯೊಂದ್ ಒಸಿ ಜಾಸ್ತಿ. ಗಾಡೀಗೂ ಕೇಳ್ಬುಡಾನ."

ನಮ್ಮ ಕಡೆ ಅದು ವಾಡಿಕೆ. ಊರ ದೇವಿಯ ಗುಡಿಯಲ್ಲಿ ಮನಸ್ಸಿನಲ್ಲಿರುವುದನ್ನು ಹೇಳಿ ಕಾಯುತ್ತಾ ಕೂರಬೇಕು. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯಿಂದ ಬಿದ್ದರೆ ಬೇಡ ಎಂದು. ಇವರು ಹೊಸೂರಿನ ಹೊರಗೆ ಒಂದು ಗಾಡಿ ನೋಡಿಕೊಂಡು ಬಂದು ಅದಕ್ಕೆ ಆಗಲೇ ಮನಸ್ಸು ಕೊಟ್ಟಿದ್ದರು. ಅದನ್ನೇ ಕೇಳಿದೆವು. ಪೂಜಾರಪ್ಪ ಮಂಗಳಾರತಿ ಎತ್ತುವಷ್ಟರಲ್ಲೇ ಬಲಗಡೆಯಿಂದ ದಾಸವಾಳ ಜಾರಿತು. ಇನ್ನೇನು ಬೇಕು? ಮಾರನೆಯ ದಿನವೇ ನನ್ನನ್ನೂ ಕರೆದುಕೊಂಡು ಹೋದರು.

ಗಾಡಿ ನೋಡಲು ಮದುವಣಗಿತ್ತಿಯ ಹಾಗಿತ್ತು. ಹೊಸ ಬಣ್ಣ, ಟೈರಿಗೆ ಕಪ್ಪು ಪಾಲಿಷು, ಮುಂದೆ ದೃಷ್ಟಿಗೊಂಬೆ. ಇವರು ಮಿಷನ್ ಮುಂದೆ ಹತ್ತೊಂಬತ್ತು ವರ್ಷ ನಿಂತವರಲ್ಲವೇ, ಎಲ್ಲ ಗೊತ್ತಿರುವವರ ಹಾಗೆ ಗಾಡಿಯನ್ನು ಸುತ್ತಿ ಸುತ್ತಿ ಟೈರಿಗೆ ಒದ್ದರು. ಮಾರುವವನು ಹಿಂದೆಯೇ ಬರುತ್ತಿದ್ದ.

"ಅಣ್ಣಾ, ಒಬ್ರೇ ಓನರ್ರು. ಡಾಕ್ಟ್ರು ಕಾರ್ ಮಡಿಕ್ಕೊಂಡಂಗೆ ಮಡಿಕ್ಕೊಂಡವ್ರೆ. ನಾಲ್ಕ್ ದಿನದಿಂದ ಸ್ಟಾರ್ಟೇ ಮಾಡಿಲ್ಲ, ನೀವ್ ಬರ್ಲಿ ಅಂತ ಹಂಗೇ ಬಿಟ್ಟಿವ್ನಿ."

"ಪಿಕಪ್ ಮಡಿಕ್ಕೊಳ್ಳೋ ಡಾಕ್ಟ್ರು ಯಾವೂರೋರಪ್ಪಾ?" ಎಂದೆ.

ಇವರು ನನ್ನ ಕಡೆ ಕಣ್ಣು ಬಿಟ್ಟರು. ಹೇಗೂ ನಮ್ಮ ಮನೆಗೆ ಬರುವ ಲಕ್ಷ್ಮಿ, ಒಂದು ನಮಸ್ಕಾರ ಹಾಕೋಣವೆಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಕಣ್ಣಿಗೆ ಒತ್ತಿಕೊಳ್ಳಲು ಹೋದೆ. ಕೈ ಚುರ್ ಎಂದಿತು.

"ಏನಪ್ಪಾ, ನಾಲ್ಕ್ ದಿನದಿಂದ ಮುಟ್ಟಿಲ್ಲ ಅಂದೆ, ಜ್ವರ ಬಂದಿರೋ ಮಗೀನ ತಲೆ ಇದ್ದಂಗೈತಲ್ಲಾ?"

"ಬಿಸ್ಲಮ್ಮಾ."

ಗಾಡಿ ನಿಂತಿದ್ದದ್ದು ಶೀಟ್ ಹೊದಿಸಿದ ಚಪ್ಪರದಡಿ, ಹೊತ್ತು ಇನ್ನೂ ಎಂಟು. ನಮ್ಮ ಮನೆಯವರು ಬಂದು ತಾವೂ ಮುಟ್ಟಿ ನೋಡಿದರು. ನನ್ನನ್ನು ಕರೆದುಕೊಂಡು ಹೊರಗೆ ಬಂದರು. ಮುಂದೆ ಊರಿನ ಟೀ ಅಂಗಡಿಯಲ್ಲಿ ಈ ಕಥೆ ಎಷ್ಟೋ ಸಲ ಹೇಳಿದ್ದಾರೆ. "ನಾನ್ ಯಾಕೋ ಬಾನೆಟ್ ಮುಟ್ ನೋಡ್ದೆ" ಎಂದೇ ಅದು ಶುರುವಾಗುತ್ತದೆ. ಹೇಳಲಿ. ಮುಟ್ಟಿದ್ದು ಯಾರ ಕೈಯಾದರೇನು, ಸುಟ್ಟಿದ್ದು ಒಂದೇ ಕೈ, ಉಳಿದದ್ದು ಒಂದು ಸಂಸಾರ.

ಅಮ್ಮ ಹೂ ಕೊಟ್ಟಳಲ್ಲ, ಅದೇನಾಯಿತು ಎಂದು ಅತ್ತೆಯನ್ನು ಕೇಳಿದೆ. ಅವರಿಗೆ ಉತ್ತರಕ್ಕೆ ಎಂದೂ ಬರವಿಲ್ಲ.

"ನಾವ್ ಗಾಡಿ ಆಯ್ತದಾ ಅಂತ ಕೇಳಿದ್ದು. ಆಯ್ತದೆ ಅಂದ್ಲು. ಆ ಗಾಡೀನೇ ಅಂತ ಅವ್ಳ್ ಯಾವಾಗ್ ಹೇಳಿದ್ಲು? ಕೇಳೋಕೂ ಬರ್ಬೇಕು ಕಣಮ್ಮಿ."

ಎರಡನೆಯ ಸಲ ಜೊತೆಗೆ ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋದೆವು. ಪಕ್ಕದ ತಳಿ ಊರಿನಲ್ಲಿ ಅವನದೊಂದು ಶೆಡ್ಡಿದೆ. ವರಸೆಯಲ್ಲಿ ನನಗೆ ತಮ್ಮನಾಗಬೇಕು. ಬಿಸಿ ಬಾನೆಟ್ಟಿನ ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕಾ, ಡೀಸೆಲ್ ಇಂಜಿನ್ನು ಮುದುಕ್ರಂಗೆ. ಬೆಳಗ್ಗೆ ಎದ್ದೇಳೋವಾಗ್ಲೇ ನೋಡ್ಬೇಕು, ಕೀಲ್ ಹಿಡ್ಕೊಂಡಿರೋದು, ಕೆಮ್ಮು, ಎಲ್ಲಾ ಆಗ್ಲೇ ಗೊತ್ತಾಗೋದು. ಒಂದ್ ಸಲ ಬಿಸಿ ಆಗ್ಬುಟ್ರೆ ಎಲ್ರೂ ಹುಡುಗ್ರೇ. ಅದ್ಕೇ ಆ ನನ್ಮಗ ನೀವ್ ಬರೋಕ್ ಮುಂಚೆ ಓಡ್ಸಿ ನಿಲ್ಸವ್ನೆ."

ಈ ಎರಡನೆಯ ಗಾಡಿ ಇದ್ದದ್ದು ಕೃಷ್ಣಗಿರಿಯ ಆಚೆ ಒಂದು ಮಾವಿನ ತೋಪಿನಲ್ಲಿ. ಹೇಳದೆ ಕೇಳದೆ ಮೊದಲನೆಯ ಬಸ್ಸಿಗೇ ಹೋಗಿ ಇಳಿದೆವು. ತೋಟದ ಯಜಮಾನರು ಇನ್ನೂ ಹಲ್ಲುಜ್ಜುತ್ತಿದ್ದರು. ಗಾಡಿ ಮರದ ಕೆಳಗೆ ತಣ್ಣಗೆ ನಿಂತಿತ್ತು, ಬಾನೆಟ್ಟಿನ ಮೇಲೆ ಇಬ್ಬನಿ. ಎರಡು ಸಲ ಕೆಮ್ಮಿ ಸ್ಟಾರ್ಟಾಯಿತು. ಸ್ವಲ್ಪ ಹೊಗೆ ಬಂದು ತಾನಾಗಿಯೇ ತಿಳಿಯಾಯಿತು. ನಮ್ಮ ತಮ್ಮ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಸುರಿಯುವ ಮುಚ್ಚಳ ತೆಗೆದು ಅಂಗೈ ಒಡ್ಡಿದ. ಒಳಗೆ ಸವೆದಿದ್ದರೆ ಅಲ್ಲಿಂದ ಬುಸುಬುಸು ಹೊಗೆ ಬರುತ್ತದಂತೆ. ಬಂದದ್ದು ನಿದ್ದೆಯಲ್ಲಿರುವ ಮಗುವಿನ ಉಸಿರಿನಷ್ಟೇ. ಆಮೇಲೆ ಗಾಡಿಯ ಅಡಿ ಮಲಗಿ, ಚಾಸಿಗೆ ಎಲ್ಲಾದರೂ ಬೆಸುಗೆ ಹಾಕಿದ್ದಾರೋ ಎಂದು ಟಾರ್ಚು ಬಿಟ್ಟು ನೋಡಿದ. ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ಉದ್ದಕ್ಕೂ ಎರಡು ಕಬ್ಬಿಣದ ತೊಲೆ.

ನಮ್ಮ ಮನೆಯವರಿಗೆ ಗಾಡಿ ಹಿಡಿಸಲಿಲ್ಲ. ಮುಂದೆ ಗುಳಿ ಬಿದ್ದಿತ್ತು, ಬಣ್ಣ ಹೋಗಿತ್ತು, ಹಣ್ಣು ಹೊತ್ತು ಹೊತ್ತು ಹಿಂದಿನ ತೊಟ್ಟಿಯೆಲ್ಲ ಹುಳಿವಾಸನೆ, ನೊಣ.

"ಏನ್ಲಾ ಇದು, ಮೂತಿ ನೋಡು, ಜವಳಗಿರಿ ಕಾಡಾನೆ ತುಳ್ದಂಗೈತೆ."

"ಮೂತಿ ತಗೊಂಡ್ ಏನ್ ಮಾಡ್ತೀಯಾ ಬಾವಾ? ಬೀನ್ಸು ಮೂತಿ ನೋಡ್ಕೊಂಡ್ ಗಾಡಿ ಹತ್ತಲ್ಲ."

ತಗೊಂಡೆವು. ಆಗ ಗಾಡಿಗೆ ಏಳು ವರ್ಷ. ಎಫ್‌ಸಿ, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವಾಗಿದೆ ಎಂದು ಸರ್ಕಾರ ಕೊಡುವ ಚೀಟಿ, ಆಗಷ್ಟೇ ಮಾಡಿಸಿದ್ದರಿಂದ ಮುಂದಿನ ಎರಡು ವರ್ಷ ಅದರ ಯೋಚನೆಯಿರಲಿಲ್ಲ.

ನಾನು ತಪ್ಪು ಮಾಡಿದ್ದು ಇಲ್ಲಿಂದಾಚೆ. ಹೆಸರು ಬದಲಾಯಿಸುವ ಕಾಗದಪತ್ರಕ್ಕೆ ಬ್ರೋಕರೊಬ್ಬ ಮನೆಗೆ ಬಂದಿದ್ದ. ಮುಂದಿನ ಬಲಗಡೆ ಚಕ್ರದ ಸಂದಿಗೆ ತಲೆ ಹಾಕಿ, ಆ ಕಬ್ಬಿಣದ ತೊಲೆಯ ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿದ. ಕಾಗದದ ಮೇಲೆ ಸಾಲಾಗಿ ಅಂಕಿ, ಅಕ್ಷರ ಎದ್ದುಬಂದವು. ಇದೇನೆಂದು ಕೇಳಿದೆ.

"ಚಾಸಿ ನಂಬರಮ್ಮಾ. ಬಣ್ಣ ಬದ್ಲಾಯಿಸ್ಬೋದು, ಓನರ್ನ ಬದ್ಲಾಯಿಸ್ಬೋದು, ಇಂಜಿನ್ನೇ ಬೇಕಾದ್ರೂ ಬದ್ಲಾಯಿಸ್ಬೋದು. ಇದ್ ಮಾತ್ರ ಹುಟ್ದಾಗ ಬರ್ದಿದ್ದು. ಸರ್ಕಾರ ನಂಬೋದೇ ಇದನ್ನ."

ಹುಟ್ಟಿದಾಗ ಬರೆದದ್ದು, ಬದಲಾಯಿಸಲು ಬಾರದ್ದು ಎಂದರೆ ನಮಗೆ ಗೊತ್ತಿರುವುದು ಒಂದೇ. ಅದು ಬರೆದಿರುವ ಜಾಗಕ್ಕೆ ಹಣೆ ಎನ್ನುತ್ತೇವೆ. ಊರಿನವರೆಲ್ಲ ಗಾಡಿಯ ಗಾಜಿಗೆ ಕುಂಕುಮ ಹಚ್ಚಿ ಗಾಜೇ ಹಣೆಯೆಂದು ತಿಳಿದುಕೊಂಡಿದ್ದಾರಲ್ಲ, ಪಾಪ, ಎಂದು ಮರುಕವಾಯಿತು. ನಿಜವಾದ ಹಣೆ ಎಲ್ಲಿದೆಯೆಂದು ದೇವರು ನನ್ನೊಬ್ಬಳಿಗೆ ತೋರಿಸಿಕೊಟ್ಟಿದ್ದ. ಆ ಶುಕ್ರವಾರದಿಂದಲೇ ಶುರು ಮಾಡಿದೆ. ಮಂಗಳವಾರ, ಶುಕ್ರವಾರ ಆ ಜಾಗಕ್ಕೆ ಅರಿಶಿನ ಬಳಿದು ಕುಂಕುಮ ಇಡುವುದು. ಅಮಾವಾಸ್ಯೆಗೆ ತೆಂಗಿನಕಾಯಿ ಒಡೆದು, ಕಾಯಿನೀರನ್ನು ಅದರ ಮೇಲೇ ಅಭಿಷೇಕ ಮಾಡುವುದು. ಬಗ್ಗಲು ಕಷ್ಟ, ಸೊಂಟ ಹಿಡಿಯುತ್ತಿತ್ತು. ಕಷ್ಟವಿದ್ದ ಮೇಲೆ ಫಲವೂ ಇರಬೇಕು ಎಂದುಕೊಂಡೆ.

ಫಲ ಇರಲಿಲ್ಲ ಎನ್ನುವಂತಿಲ್ಲ. ಪೂಜೆಗೆಂದು ನಾನು ಬೆಳಿಗ್ಗೆ ಗಾಡಿಯ ಹತ್ತಿರ ಹೋಗುವುದನ್ನು ನೋಡಿ ನಮ್ಮ ತಮ್ಮ ನನಗೆ ಇನ್ನೊಂದು ವ್ರತವನ್ನೂ ಗಂಟುಹಾಕಿದ. "ಅಕ್ಕಾ, ಇಂಜಿನ್ ತಣ್ಗಿರೋವಾಗ್ಲೇ ಆಯಿಲ್ ನೋಡ್ಬೇಕು. ಬಾವ ನೋಡಲ್ಲ, ನೀನೇ ನೋಡು." ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಎರಡು ಗೆರೆಗಳ ನಡುವೆ ಎಣ್ಣೆ ಇದೆಯೇ ನೋಡುವುದು, ರೇಡಿಯೇಟರಿನ ನೀರು ನೋಡುವುದು, ವಾರಕ್ಕೊಮ್ಮೆ ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ, ಅಡಿಯಲ್ಲಿ ನಿಂತ ನೀರು ಇಳಿಸುವುದು. ದೀಪದ ಎಣ್ಣೆ ನೋಡುವವಳಿಗೆ ಇದೇನು ದೊಡ್ಡದು? ಅತ್ತೆ ಜಗಲಿಯಿಂದಲೇ ಮಂತ್ರ ಹೇಳುತ್ತಿದ್ದರು.

"ಗಂಡ ಎದ್ನಾ ಬಿದ್ನಾ ನೋಡಲ್ಲ, ಗಾಡಿ ಎಣ್ಣೆ ಮಾತ್ರ ದಿನಾ ನೋಡ್ತಾಳೆ."

"ಗಂಡನ ಕಡ್ಡಿ ಎಲ್ಲೈತೆ ಅಂತ ನೀವ್ ಹೇಳ್ಕೊಟ್ಟಿಲ್ವಲ್ಲತ್ತೇ. ಹೇಳಿದ್ರೆ ಅದನ್ನೂ ಎಳ್ದು ನೋಡ್ತೀನಿ."

ಒಂದು ದಿನ ರೇಡಿಯೇಟರಿನ ನೀರು ಅರ್ಧಕ್ಕಿಳಿದಿತ್ತು. ಬಗ್ಗಿ ನೋಡಿದರೆ ರಬ್ಬರ್ ಪೈಪು ಸೀಳಿತ್ತು. ನೋಡದೆ ಅಂಚೆಟ್ಟಿ ಘಾಟಿ ಹತ್ತಿಸಿದ್ದರೆ ಇಂಜಿನ್ನೇ ಕೂತುಬಿಡುತ್ತಿತ್ತು ಎಂದು ನಮ್ಮ ತಮ್ಮ ಹೇಳಿದ. ಇವರು ಟೀ ಅಂಗಡಿಯಲ್ಲಿ, "ಸೌಂಡಲ್ಲೇ ಗೊತ್ತಾಗೋಯ್ತು ನಂಗೆ" ಎಂದರಂತೆ.

ಹೀಗೆ ಎರಡು ವರ್ಷ ಗೇಟಿನ ಮಾತೇ ಬರಲಿಲ್ಲ. ಸೋಮವಾರ ಎನ್ನುವುದು ನಮ್ಮ ಮನೆಯಲ್ಲಿ ಭಾನುವಾರವಾದ ಮೇಲೆ ಬರುವ ದಿನ, ಅಷ್ಟೇ ಆಗಿತ್ತು.

ಆಮೇಲೆ ಎಫ್‌ಸಿ ಮಾಡಿಸುವ ದಿನ ಬಂತು. ಬ್ರೇಕು, ಲೈಟು, ಹಾರನ್ನು, ಹಿಂದೆ ಮಿನುಗುವ ಸ್ಟಿಕರು, ಎಲ್ಲವನ್ನೂ ನಮ್ಮ ತಮ್ಮ ಸರಿಮಾಡಿಕೊಟ್ಟ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಒಂದು ತೆಂಗಿನಕಾಯಿ, ವಿಭೂತಿ ಕಟ್ಟಿಕೊಂಡು ನಾನೂ ಹೊರಟೆ. "ಪಾಸಾಗೋದು ಬ್ರೇಕಿಂದ, ನಿಂಬೆಹಣ್ಣಿಂದಲ್ಲ" ಎಂದು ಇವರು ದಾರಿಯುದ್ದಕ್ಕೂ ಹೇಳಿದರು.

ಹೊಸೂರಿನ ಆರ್‌ಟಿಓ ಮೈದಾನದಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಇನ್ಸ್‌ಪೆಕ್ಟರು ತಮಿಳಿನವರು, ಆದರೆ ಇಲ್ಲಿ ಕೆಲಸ ಮಾಡುವವರ ಹಾಗೆ ಮೂರು ಭಾಷೆಯನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಬ್ರೇಕು ಹಿಡಿಸಿದರು, ಲೈಟು ಹಾಕಿಸಿದರು, "ಸರಿ, ಸರಿ" ಎಂದರು. ಆಮೇಲೆ ಪೆನ್ಸಿಲ್ಲು ಕಾಗದ ಹಿಡಿದು ಮುಂದಿನ ಬಲಗಡೆ ಚಕ್ರದ ಹತ್ತಿರ ಬಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ತಮ್ಮ ಬೆರಳು ನೋಡಿಕೊಂಡರು. ಕೆಂಪಗಿತ್ತು.

"ಎನ್ನಮ್ಮಾ ಇದು? ಇಲ್ಲಿರೋದು ಚಾಸಿನಾ, ಅಮ್ಮನ ಗುಡಿನಾ?"

"ಅದು... ಗಾಡಿ ಹಣೆ ಅಂತ..." ಎಂದೆ.

"ಹಣೆ ಚೆನ್ನಾಗೈತಮ್ಮಾ. ನಂಬರ್ ಎಲ್ಲಿ?"

ನಂಬರು ನನ್ನ ಭಕ್ತಿಯ ಅಡಿಯಲ್ಲಿತ್ತು. ಎರಡು ವರ್ಷದ ಅರಿಶಿನ, ಕುಂಕುಮ, ಅದರ ಮೇಲೆ ಕಾಯಿನೀರು, ರಸ್ತೆಯ ಧೂಳು, ಇಂಜಿನ್ನಿನ ಬಿಸಿ. ಎಲ್ಲ ಸೇರಿ ಬೆರಳಿನ ದಪ್ಪಕ್ಕೆ ಸುಟ್ಟ ಇಟ್ಟಿಗೆಯ ಹಾಗೆ ಕೂತಿತ್ತು. ಅಂಚಿನಲ್ಲಿ ಒಂದು ಚಕ್ಕೆ ಎದ್ದರೆ ಅದರಡಿ ತುಕ್ಕು. ಇನ್ಸ್‌ಪೆಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕದ್ದ ಗಾಡೀಲಿ ಹಿಂಗೆ ನಂಬರ್ ಅಳಿಸ್ತಾರೆ. ನೀವು ಹಂಗಲ್ಲ, ನನಗೆ ಗೊತ್ತು. ಆದ್ರೆ ಓದೋಕೆ ಬರ್ದೆ ನಾನ್ ಸೈನ್ ಹಾಕೋಕಾಗಲ್ಲ. ಹೊಸದಾಗಿ ನಂಬರ್ ಹೊಡೆಸ್ಬೇಕು ಅಂದ್ರೆ ಮೇಲಿನ ಆಫೀಸಿಂದ ಆರ್ಡರ್ ಬರ್ಬೇಕು. ಎಷ್ಟ್ ತಿಂಗ್ಳಾಗುತ್ತೋ. ಅಲ್ಲಿವರೆಗೂ ಗಾಡಿ ರೋಡಿಗೆ ಬರ್ಬಾರ್ದು. ಊಟ ಮುಗಿಸಿ ಬರ್ತೀನಿ, ಅಷ್ಟರಲ್ಲಿ ಏನಾದ್ರೂ ಕಾಣಿಸುತ್ತಾ ನೋಡಿ."

ನಮ್ಮ ಮನೆಯವರು ಡೀಸೆಲ್ಲಿನಲ್ಲಿ ಬಟ್ಟೆ ಅದ್ದಿ ಉಜ್ಜಿದರು. ಮೇಲಿನ ಪದರ ಹೋಯಿತು, ತುಕ್ಕು ಹಾಗೇ ಇತ್ತು. ಪಕ್ಕದ ಗಾಡಿಯವನೊಬ್ಬ, "ಗ್ರೈಂಡರ್ ಹಾಕ್ಸಿ, ಎರಡೇ ನಿಮಿಷ" ಎಂದ. ಗ್ರೈಂಡರು ಹಾಕಿದರೆ ತುಕ್ಕಿನ ಜೊತೆ ನಂಬರೂ ಹೋಗುತ್ತದೆ ಎನ್ನುವಷ್ಟು ಇವರಿಗೆ ಗೊತ್ತು. ಬಟ್ಟೆ ಬಿಸಾಡಿ, ಸ್ವಲ್ಪ ದೂರದ ಗೋಡೆಯ ನೆರಳಿಗೆ ಹೋಗಿ ಕೂತರು. ಜೇಬಿನಿಂದ ಫೋನ್ ತೆಗೆದು ಬೆರಳಾಡಿಸಿ ಕಿವಿಗಿಟ್ಟುಕೊಂಡರು.

"ಅಣ್ಣಾ, ನಾನು... ಹೂಂ, ಚೆನ್ನಾಗಿವ್ನಿ. ಈ ಸೋಮ್ವಾರ ಆಳ್ ಏನಾರ ಬೇಕಾಯ್ತದಾ? ... ಹೂಂ. ಆಯ್ತಣ್ಣಾ. ನೋಡ್ ಹೇಳಿ."

ಆ ದನಿಯನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತು ಮಜ್ಜಿಗೆ ಕೇಳುವವರ ದನಿ. ಅವರನ್ನು ಮತ್ತೆ ಆ ಗೇಟಿನ ಮುಂದೆ ನಿಲ್ಲಿಸಬೇಡವೆಂದು ಬೇಡಿಕೊಂಡ ಬಾಯಿ ನನ್ನದು, ನಿಲ್ಲಿಸಿದ ಕೈಯೂ ನನ್ನದೇ.

ತಾಯೀ, ತಪ್ಪಾಯಿತು ಎಂದೆ. ಎಂದು ಸುಮ್ಮನೆ ಕೂರಲಿಲ್ಲ. ಪೂಜೆಯ ಹಿತ್ತಾಳೆ ಕಪ್ಪಾದಾಗ ಏನು ಮಾಡುತ್ತೇನೆ? ಹುಳಿ, ಬೂದಿ, ನಾರು. ಚೀಲ ಬಿಚ್ಚಿದೆ. ತೆಂಗಿನಕಾಯಿಯ ಜುಟ್ಟು ಕಿತ್ತೆ. ಚಕ್ರಕ್ಕಿಡಲು ತಂದ ನಿಂಬೆಹಣ್ಣು ಕಚ್ಚಿ ಹೋಳು ಮಾಡಿ ಆ ತುಕ್ಕಿನ ಮೇಲೆ ಹಿಂಡಿದೆ, ವಿಭೂತಿ ಹಾಕಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರದ ಸಂದಿಗೆ ತಲೆ ತೂರಿಸಿದೆ. ಒತ್ತಿ ಉಜ್ಜಲಿಲ್ಲ, ದೇವರ ಮುಖ ಉಜ್ಜುವ ಹಾಗೆ ಮೆಲ್ಲಗೆ. ಒರೆಸು, ಹಿಂಡು, ಬಿಡು, ಮತ್ತೆ ಉಜ್ಜು. ಅರ್ಧ ಮೈ ಗಾಡಿಯ ಒಳಗೆ, ಅರ್ಧ ಹೊರಗೆ. ಮೈದಾನದ ಡ್ರೈವರುಗಳಿಗೆಲ್ಲ ಒಳ್ಳೆಯ ನೋಟ. "ಅಮ್ಮಾ, ಉಪ್ಪೂ ಹಾಕಿ, ಉಪ್ಪಿನಕಾಯಿ ಆಯ್ತದೆ" ಎಂದ ಒಬ್ಬ.

"ಆದ್ಮೇಲೆ ನಿಂಗೇ ಫಸ್ಟ್ ಇಕ್ತೀನಿ ಬಾರಪ್ಪಾ" ಎಂದೆ ಒಳಗಿನಿಂದಲೇ.

ಮೂರನೆಯ ಹಣ್ಣಿಗೆ ಮೊದಲ ಅಕ್ಷರ ಕಂಡಿತು. ನಾನು ಕೂಗಿದ್ದಕ್ಕೆ ಇವರು ಗೋಡೆಯಿಂದ ಎದ್ದು ಬಂದರು, ಮಂಡಿ ನೋವನ್ನು ಮರೆತು ನೆಲಕ್ಕೆ ಕೂತು ಫೋನಿನ ಟಾರ್ಚು ಹಿಡಿದರು. ನಾನು ಉಜ್ಜುವುದು, ಇವರು ಓದುವುದು. ನಾಲ್ಕನೆಯ ಹಣ್ಣು ಮುಗಿಯುವಷ್ಟರಲ್ಲಿ ಹದಿನೇಳರಲ್ಲಿ ಹದಿನಾರು ಎದ್ದಿದ್ದವು. ಕೊನೆಯದಕ್ಕಿಂತ ಒಂದು ಹಿಂದಿನದು ಮಾತ್ರ ಆರೋ ಎಂಟೋ, ದೇವರೇ ಬಲ್ಲ.

ಇನ್ಸ್‌ಪೆಕ್ಟರು ಬಂದು ಬಗ್ಗಿದರು. ಕಾಗದವಿಟ್ಟು ಉಜ್ಜಿದರು. ಆರ್‌ಸಿ ಪುಸ್ತಕ ನೋಡಿದರು. ಕಾಗದವನ್ನು ತಿರುಗಿಸಿ, ಪೆನ್ಸಿಲ್ಲನ್ನು ಓರೆಯಾಗಿ ಹಿಡಿದು ಆ ಒಂದು ಅಂಕಿಯ ಮೇಲೆ ಮತ್ತೆ ಉಜ್ಜಿದರು. ನಾನು ನಮ್ಮ ಮನೆಯವರ ಮುಖ ನೋಡಲಿಲ್ಲ. ನನ್ನ ಕೈ ನೋಡಿಕೊಳ್ಳುತ್ತಿದ್ದೆ. ನಿಂಬೆಯ ಹುಳಿಗೆ ಬೆರಳುಗಳು ಉರಿಯುತ್ತಿದ್ದವು.

"ಎಟ್ಟು" ಎಂದರು ಇನ್ಸ್‌ಪೆಕ್ಟರು. ಎಂಟು. ಪುಸ್ತಕದಲ್ಲಿದ್ದದ್ದೂ ಎಂಟೇ. ಸೈನ್ ಹಾಕಿದರು.

"ಅಮ್ಮಾ, ಪೂಜೆ ಬೇಡ ಅನ್ನಲ್ಲ. ಸ್ಟೇರಿಂಗಿಗೆ ಮಾಡಿ. ಇಲ್ಲಿಗೆ ತಿಂಗ್ಳಿಗೊಂದ್ ಸಲ ಗ್ರೀಸ್ ಹಚ್ಚಿ, ಸಾಕು."

ಗಾಡಿ ಹತ್ತಿದ ಮೇಲೂ ಇವರು ಸ್ಟಾರ್ಟ್ ಮಾಡಲಿಲ್ಲ. ಏನೋ ಹುಡುಕುತ್ತಿದ್ದರು.

"ನಾಲ್ಕೂ ಹಿಂಡ್ಬುಟ್ಟಾ? ಚಕ್ರಕ್ಕೆ ಒಂದಾದ್ರೂ ಉಳ್ಸ್ಕೋಬಾರ್ದಾಗಿತ್ತಾ?"

"ಪಾಸಾಗೋದು ಬ್ರೇಕಿಂದ ಅಂದ್ರಲ್ಲಾ?"

ಕೀ ತಿರುಗಿಸಿದರು. ತಳಿ ರಸ್ತೆಗೆ ತಿರುಗಿದ ಮೇಲೆ ಫೋನು ಬಂತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಎತ್ತಿಕೊಂಡರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು: ಒಬ್ಬ ಆಳು ಕಡಿಮೆಯಿದೆ, ಸೋಮವಾರ ಆರೂವರೆಗೇ ಬಂದು ಗೇಟಿನ ಹತ್ತಿರ ನಿಲ್ಲು. ಇವರು ಬೆನ್ನನ್ನು ಸೀಟಿಗೆ ಒರಗಿಸಿಕೊಂಡರು.

"ಸೋಮ್ವಾರ ಆಗಲ್ಲಣ್ಣಾ. ಲೋಡೈತೆ."

ಸೋಮವಾರಕ್ಕೆ ಯಾವ ಲೋಡೂ ಇರಲಿಲ್ಲ. ಎಫ್‌ಸಿ ಏನಾಗುವುದೋ ಎಂದು ಇವರೇ ಯಾರ ಬಾಡಿಗೆಯನ್ನೂ ಒಪ್ಪಿಕೊಂಡಿರಲಿಲ್ಲ. ಅಮ್ಮ ಕಾಪಾಡಿದ ದಿನವೇ ಸುಳ್ಳು ಹೇಳಿದ್ದು ನನಗೆ ಸರಿಬರಲಿಲ್ಲ. ಆದರೆ ಆ ದನಿ ಬಹಳ ಚೆನ್ನಾಗಿತ್ತು, ಅದನ್ನು ಸುಳ್ಳಾಗಲು ಬಿಡುವುದು ಇನ್ನೂ ಸರಿಬರಲಿಲ್ಲ. ಮನೆಗೆ ಬಂದವಳೇ ಅತ್ತೆಗೆ ಹೇಳಿದೆ: ಹಿತ್ತಿಲ ತಿಪ್ಪೆಯ ಗೊಬ್ಬರ ಯುಗಾದಿಯಿಂದ ಹಾಗೇ ಬಿದ್ದಿದೆ, ಅದನ್ನು ಹೊಲಕ್ಕೆ ಹಾಕಿಸಬೇಕು, ಸೋಮವಾರವೇ.

ಸೋಮವಾರ ಆರೂವರೆಗೆ ಗಾಡಿ ತಿಪ್ಪೆಯ ಪಕ್ಕ ನಿಂತಿತ್ತು. ಅತ್ತೆ ಮಂಕರಿಗೆ ಗೊಬ್ಬರ ತುಂಬಿಕೊಟ್ಟರು, ನಾನು ಎತ್ತಿಕೊಟ್ಟೆ, ಇವರು ಮೇಲೆ ನಿಂತು ಸುರಿದುಕೊಂಡರು. ತೊಟ್ಟಿಗೆ ಮಾವಿನ ವಾಸನೆ ಹೋಗಿ ಬೇರೆ ವಾಸನೆ ಬಂತು.

"ಇದ್ಯಾವ ಸೀಮೆ ಲೋಡೇ?" ಎಂದರು ಇವರು, ಮೂಗಿಗೆ ಟವೆಲ್ಲು ಕಟ್ಟಿಕೊಳ್ಳುತ್ತಾ.

"ನೀವೇ ಒಪ್ಕೊಂಡಿದ್ದು. ತುಂಬ್ಕೊಳ್ಳಿ" ಎಂದೆ.